ಯಂತ್ರಕ್ಕೆ ನಿಲುವಿಲ್ಲ, ಅನುಪಾತವಿದೆ

ಮಂಡ್ಯ ಜಿಲ್ಲೆಯ ಕೋಟೆ, ದೇಗುಲ, ಬೆಟ್ಟಗಳೆಲ್ಲ ರೀಲ್ಸಿನ ಅಳತೆಗೆ ಮೈ ಕುಗ್ಗಿಸಿಕೊಂಡು ನಿಲ್ಲಬೇಕಾಗಿ ಬಂದಿರುವ ಈ ಕಾಲದಲ್ಲಿ, 2025ರ ಮಾರ್ಚಿನಲ್ಲಿ ಪ್ರಕಟವಾದ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100ಆರ್‌ಎಫ್ ಕ್ಯಾಮೆರಾವನ್ನು ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ದೇಗುಲದ ಜಗತಿಯ ಮೇಲೆ ಕೂರಿಸಿ ಸಂದರ್ಶಿಸಲಾಯಿತು. ಇದು ಮೀಡಿಯಂ ಫಾರ್ಮ್ಯಾಟ್ ಯಂತ್ರ. ಎಂದರೆ ಬೆಳಕನ್ನು ಗ್ರಹಿಸುವ ಇದರ ಸೆನ್ಸರ್ 43.8×32.9 ಮಿ.ಮೀ. ಇದ್ದು, ಫುಲ್ ಫ್ರೇಮ್ ಸೆನ್ಸರಿನ ಸುಮಾರು 1.7 ಪಟ್ಟು ವಿಸ್ತೀರ್ಣದ್ದು. ಲೆನ್ಸ್ ಒಂದೇ, ಅದನ್ನು ಬದಲಿಸಲು ಬರುವುದಿಲ್ಲ.

ಸಂದರ್ಶಕ: ಕೈ ನಡುಗಿದರೂ ಚಿತ್ರ ಕೆಡದಂತೆ ನೋಡಿಕೊಳ್ಳುವ ಸ್ಟೆಬಿಲೈಸೇಶನ್ ಇಲ್ಲವೆಂಬ ದೂರಿಗೆ ಉತ್ತರವೇನು?

ಕ್ಯಾಮೆರಾ: ಅದಿರಲಿ. ಹಿಂಬದಿಯ ಡಯಲಿನಲ್ಲಿ 4:3, 1:1, 65:24, 17:6 ಸೇರಿ ಒಂಬತ್ತು ಅನುಪಾತಗಳಿವೆ. ಅನುಪಾತವೆಂದರೆ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕ. ಬಂದವರೆಲ್ಲ ಕೇಳುವುದು ಮಾತ್ರ ಡಯಲಿನಲ್ಲಿ ಇಲ್ಲದ, ರೀಲ್ಸಿನ 9:16 ಅನ್ನು! ನಾಗಮಂಗಲ ಸೀಮೆಯ ಕಂಬದಹಳ್ಳಿಯ ಮಾನಸ್ತಂಭಕ್ಕೆ ನಿಂತ ಚೌಕಟ್ಟು ಒಪ್ಪುತ್ತದೆ, ಒಪ್ಪೋಣ. ಐದು ಗರ್ಭಗುಡಿಗಳು ಸಾಲಾಗಿ ನಿಂತ ಗೋವಿಂದನಹಳ್ಳಿಯ ಪಂಚಲಿಂಗೇಶ್ವರಕ್ಕೂ ಅದೇ ಚೌಕಟ್ಟೇ? ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವನ್ನು ಬರೆದ ಚಿತ್ರಕಾರರಿಗೆ ಸೈನ್ಯವೆಂಬುದು ಅಡ್ಡಕ್ಕೆ ಸಾಗುತ್ತದೆಂಬ ಅರಿವಾದರೂ ಇತ್ತು.

ಸಂದರ್ಶಕ: ಸಾಲೆಂದಾಗ ನೆನಪಾಯಿತು, ಈ ದೇಗುಲದ ಅಧಿಷ್ಠಾನದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸಗಳ ಆರು ಪಟ್ಟಿಕೆಗಳಿದ್ದರೂ, 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಹೊಯ್ಸಳ ದೇಗುಲಗಳ ಪೈಕಿ ಬೇಲೂರು, ಹಳೇಬೀಡು, ಸೋಮನಾಥಪುರದವು ಮಾತ್ರ ಸೇರಿದ್ದರ ಬಗ್ಗೆ ನಿಲುವೇನು?

ಕ್ಯಾಮೆರಾ: ಯಂತ್ರಕ್ಕೆ ನಿಲುವಿಲ್ಲ, ಅನುಪಾತವಿದೆ. 65:24ಕ್ಕೆ ತಿರುಗಿಸಿದರೆ 102 ಮೆಗಾಪಿಕ್ಸೆಲ್ಲಿನಲ್ಲಿ ಅರ್ಧದಷ್ಟು ಕತ್ತರಿಸಿಹೋಗುತ್ತದೆ. ಆದರೂ ಕತ್ತರಿಸಿದ ಭಾಗವನ್ನು ಪರದೆಯ ಮೇಲೆ ಮಸುಕಾಗಿ ತೋರಿಸುವ ಸರೌಂಡ್ ವ್ಯೂ ಇದೆ. ಸೆನ್ಸರ್ ಕಂಡದ್ದನ್ನೆಲ್ಲ ಉಳಿಸುವ ರಾ ಫೈಲಿನಲ್ಲಿ ಇಡೀ ಚಿತ್ರವೂ ಇರುತ್ತದೆ.

ಸಂದರ್ಶಕ: ಹಾಗಾದರೆ ಹೊಸಹೊಳಲನ್ನು ಮತ್ತೆ—

ಕ್ಯಾಮೆರಾ: ಹೊಸಹೊಳಲು ಸ್ವಲ್ಪ ಕಾಯಲಿ. ಪಾಂಡವಪುರದ ಕುಂತಿ ಬೆಟ್ಟದಲ್ಲಿ ಪ್ರೀ-ವೆಡ್ಡಿಂಗ್ ಶೂಟಿಗೆ ಬಂದವರು ಬಂಡೆಯನ್ನೂ ಸೂರ್ಯಾಸ್ತವನ್ನೂ ಇಟ್ಟುಕೊಂಡು ಬೇಬಿ ಬೆಟ್ಟದ ಕಲ್ಲುಗಣಿಯನ್ನು ಚೌಕಟ್ಟಿನಿಂದ ಹೊರಗೆ ಹಾಕುತ್ತಾರೆ. ಗಣಿಯ ಸ್ಫೋಟಕ್ಕೆ ಕನ್ನಂಬಾಡಿ ಕಟ್ಟೆ ಏನಾದೀತೆಂದು ರೈತರು ವರ್ಷಗಟ್ಟಲೆ ಕೂಗಿದರು. ಅಣೆಕಟ್ಟಿನ 20 ಕಿ.ಮೀ. ವ್ಯಾಪ್ತಿಯ ಗಣಿಗಾರಿಕೆಯನ್ನು ತಡೆಯಲು 2024ರ ಜನವರಿಯಲ್ಲಿ ಹೈಕೋರ್ಟೇ ಆದೇಶಿಸಬೇಕಾಯಿತು. ಇಡೀ ಸೀಮೆಯ ಗದ್ದೆಗೆ ನೀರುಣಿಸುವ ಕಟ್ಟೆ ಅದು. ಅದರ ಬುಡದ ಭಯ ಚಿತ್ರದ ಅಂದ ಕೆಡಿಸುತ್ತದೆಂದು ಕತ್ತರಿಸುವುದು ಕಲೆಯಲ್ಲ, ಕಣ್ಣು ಮುಚ್ಚಿಕೊಳ್ಳುವ ಕಸುಬು.

ಸಂದರ್ಶಕ: ಯುನೆಸ್ಕೊ ವಿಚಾರ ಅಲ್ಲಿಗೇ ಉಳಿಯಿತು.

ಕ್ಯಾಮೆರಾ: ಪಟ್ಟಿಯೂ ಒಂದು ಚೌಕಟ್ಟೇ. ಕತ್ತರಿಸದೆ ಚಿತ್ರವಾಗದು, ಪಟ್ಟಿಯೂ ಆಗದು. ಏನನ್ನು ಬಿಟ್ಟೆವೆಂಬ ಲೆಕ್ಕವನ್ನು ಯಂತ್ರವೇ ಇಟ್ಟುಕೊಳ್ಳುತ್ತಿರುವಾಗ, ಯಂತ್ರ ಹಿಡಿದವರಿಗೆ ಅದನ್ನಿಟ್ಟುಕೊಳ್ಳಲು ಏನು ತೊಂದರೆ?