ನಿಮ್ಮ ಸೈಕಲ್ ಫ್ರೇಮನ್ನು ನೀವೇ ಬೆಸೆಯಿರಿ: ಬಳಕೆದಾರರ ಕೈಪಿಡಿ

ಪೀಠಿಕೆ

ಅಂಗಡಿಯಲ್ಲಿ ಕೊಳ್ಳಲು ಸಿಗುವ ವಸ್ತುವನ್ನು ಅದಕ್ಕಿಂತ ಹೆಚ್ಚು ದುಡ್ಡು ಸುರಿದು ಮನೆಯಲ್ಲೇ ಮಾಡಲು ಹೊರಟಿರುವ ತಮಗೆ ಅಭಿನಂದನೆಗಳು. ಅರ್ಧ ಗಂಟೆಯಲ್ಲಿ ಮುಗಿಯುವ ವ್ಯಾಪಾರವನ್ನು ಒಂದಿಡೀ ಮಳೆಗಾಲಕ್ಕೆ ಹಿಗ್ಗಿಸುವ ಕ್ರಮವನ್ನು ಈ ಕೈಪಿಡಿ ವಿವರಿಸುತ್ತದೆ.

ಮೊದಲು ಹಳೆಯ ಕರಿ ಸೈಕಲ್ಲೊಂದನ್ನು, ಹಾಲಿನ ಕ್ಯಾನು ಕಟ್ಟಿಕೊಂಡು ಓಡಾಡುತ್ತಿತ್ತಲ್ಲ, ಅಂಥದ್ದನ್ನು ಹತ್ತಿರದಿಂದ ನೋಡಿ. ಪೈಪುಗಳು ಕೂಡುವಲ್ಲಿ ಹೊರಗಿನಿಂದ ಬಿಗಿದ ಲೋಹದ ತೋಳುಗಳಿವೆ. ಅವು ಲಗ್ಗುಗಳು. ಲಗ್ಗಿನೊಳಗೆ ಪೈಪು ತೂರಿಸಿ, ನಡುವಿನ ಸಂದಿಗೆ ಹಿತ್ತಾಳೆ ಕರಗಿಸಿ ಹರಿಸಿದ್ದಾರೆ. ಇದೇ ಬ್ರೇಜಿಂಗ್. ಎರಡು ಮೂಟೆ ಅಕ್ಕಿ ಹೇರಿದರೂ ಆ ಸೈಕಲ್ಲು ಬಿರುಕು ಬಿಡದಿದ್ದರೆ, ಅದರ ಶ್ರೇಯಸ್ಸು ಹೊರಗೆ ಕಾಣದ ಆ ಹಿತ್ತಾಳೆಗೂ ಸೇರಬೇಕು.

ವೆಲ್ಡಿಂಗ್‌ನಲ್ಲಿ ಉಕ್ಕೇ ಕರಗುತ್ತದೆ. ಬ್ರೇಜಿಂಗ್‌ನಲ್ಲಿ ಉಕ್ಕು ಕೆಂಪಾಗಬೇಕು, ಕರಗಕೂಡದು. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು. ಹಿತ್ತಾಳೆ ಕಡ್ಡಿಗೆ 890ರ ಆಸುಪಾಸು, ಶೇ. 56ರಷ್ಟು ಬೆಳ್ಳಿಯಿರುವ ಕಡ್ಡಿಗೆ 650 ಸಾಕು. ನಿಮ್ಮ ಕೈಯಲ್ಲಿರುವ ಆಕ್ಸಿ-ಅಸಿಟಿಲೀನ್ ಜ್ವಾಲೆಯಾದರೋ 3,000 ದಾಟಿರುತ್ತದೆ. ಅದು ಉಕ್ಕನ್ನೂ ಕರಗಿಸಬಲ್ಲದು, ನಿಮ್ಮ ಹುಮ್ಮಸ್ಸನ್ನೂ.

ಬೇಕಾಗುವ ಸಾಮಾನು

*ಪೈಪು.* ಸಂಪು ಕಟ್ಟಿಸಿದಾಗ ಉಳಿದ ಜಿ.ಐ. ಪೈಪು ಆಗದು, ಕಾರಣ ಮುಂದಿದೆ. ಒಳ್ಳೆಯ ಸೈಕಲ್ ಪೈಪಿನ ಗೋಡೆ ತುದಿಗಳಲ್ಲಿ 0.8 ಮಿ.ಮೀ. ಇದ್ದು ನಡುವೆ 0.5ಕ್ಕೆ ಇಳಿದಿರುತ್ತದೆ. ಶಾಖವೂ ಒತ್ತಡವೂ ಬೀಳುವ ಕಡೆ ದಪ್ಪ, ಉಳಿದೆಡೆ ಹಗುರ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್‌ನವರು 1897ರಲ್ಲೇ ಪೇಟೆಂಟ್ ಪಡೆದ ಉಪಾಯವಿದು. 1935ರಲ್ಲಿ ಅವರು ಹೊರತಂದ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕಿನ ‘531’ ಪೈಪಿನ ಹೆಸರು ಹೇಳಿದರೆ ಸೈಕಲ್ ಹುಚ್ಚರು ಇಂದಿಗೂ ಎದ್ದು ಕೂರುತ್ತಾರೆ. ತೆಳುವಾದ ಭಾಗ ಎಲ್ಲಿ ಶುರುವಾಗುತ್ತದೆಂದು ಹೊರಗಿನಿಂದ ಕಾಣುವುದಿಲ್ಲ. ಗುರುತು ಹಾಕಿಕೊಳ್ಳದೆ ಗರಗಸ ಇಟ್ಟರೆ ದಪ್ಪ ತುದಿ ಕಸಕ್ಕೆ ಹೋಗಿ, ತೆಳು ತುದಿ ಫ್ರೇಮಿಗೆ ಸೇರುತ್ತದೆ.

*ಕಡ್ಡಿ.* ಹಿತ್ತಾಳೆಯದು ಅಗ್ಗ, ಬೆಳ್ಳಿಯದು ದುಬಾರಿ. ಬೆಲೆ ಕೇಳಿದ ಮೇಲೆ ಮನೆಯವರ ಕಾಲುಗೆಜ್ಜೆಯ ಕಡೆ ಕಣ್ಣು ಹಾಯಿಸಬೇಡಿ, ಉಪಯೋಗವಿಲ್ಲ. ಶುದ್ಧ ಬೆಳ್ಳಿ ಕರಗುವುದು 961 ಡಿಗ್ರಿಗೆ. ತಾಮ್ರ, ಸತು, ತವರ ಬೆರೆತಿರುವುದರಿಂದಲೇ ಕಡ್ಡಿಯ ಬೆಳ್ಳಿ ಅಷ್ಟು ಬೇಗ ಹರಿಯುತ್ತದೆ.

*ಫ್ಲಕ್ಸ್.* ಕಾದ ಉಕ್ಕಿಗೆ ಗಾಳಿ ತಾಗಿ ಕಿಟ್ಟ ಕಟ್ಟದಂತೆ ಕಾಯುವ ಲೇಪ. ಅಕ್ಕಸಾಲಿಗಳು ಬಳಸುವ ಬಿಳಿಗಾರದ ವಂಶದ್ದೇ. ಹಿತ್ತಾಳೆಗೆ ಒಂದು ಬಗೆ, ಬೆಳ್ಳಿಗೆ ಇನ್ನೊಂದು.

*ಗರಗಸ.* ಪೈಪು ಕೊಯ್ಯಲು ಒಂದು ಬ್ಲೇಡು, ನಿಮ್ಮ ಬೆಸುಗೆಯನ್ನು ಕೊಯ್ಯಲು ಹಲವು.

ಎಚ್ಚರಿಕೆಗಳು

ಆಕ್ಸಿಜನ್ ಸಿಲಿಂಡರಿನ ರೆಗ್ಯುಲೇಟರು ಬಿಗಿಯಾಗಿದೆಯೆಂದು ಎಣ್ಣೆ ಬಿಡಬೇಡಿ. ಒತ್ತಡದಲ್ಲಿರುವ ಆಕ್ಸಿಜನ್ನಿಗೆ ಎಣ್ಣೆ ಸಿಕ್ಕರೆ ಬೆಂಕಿಪೊಟ್ಟಣದ ಅಗತ್ಯವಿರುವುದಿಲ್ಲ. ಆಯುಧಪೂಜೆಯ ದಿನವೂ ಇದಕ್ಕೆ ಕುಂಕುಮ ಸಾಕು.

ಅಸಿಟಿಲೀನ್ ಸಿಲಿಂಡರನ್ನು ಮಲಗಿಸಬೇಡಿ. ಅದರ ನಟ್ಟು ತಿರುಗದಿದ್ದರೆ ಶಕ್ತಿ ಹಾಕಬೇಡಿ, ಇನ್ನೊಂದು ಕಡೆ ತಿರುಗಿಸಿ: ಉರಿಯುವ ಅನಿಲಗಳ ನಟ್ಟಿಗೆ ಎಡಮರೆ. ಸೈಕಲ್ಲಿನಲ್ಲಿ ಪೆಡಲಿನ ಅಚ್ಚು ಕೂರುವ ಬಿ.ಬಿ. ಶೆಲ್ಲಿನ ಬಲಗಡೆಯ ಮರೆಯೂ ಸಾಮಾನ್ಯವಾಗಿ ಎಡದ್ದೇ. ಈ ವಿದ್ಯೆಯಲ್ಲಿ ಬಲಪ್ರಯೋಗಕ್ಕೆ ಮೊದಲು ದಿಕ್ಕು ವಿಚಾರಿಸುವುದು ಲೇಸು.

ಸತು 907 ಡಿಗ್ರಿಗೆ ಕುದಿಯುತ್ತದೆ. ಹಿತ್ತಾಳೆ ಕರಗಿದ ಮೇಲೂ ಕಾಯಿಸುತ್ತಲೇ ಇದ್ದರೆ ಬಿಳಿ ಹೊಗೆ ಏಳುತ್ತದೆ. ಉಸಿರಿಗೆ ಹೋದರೆ ಅಂದು ರಾತ್ರಿ ಚಳಿಜ್ವರ. ಜಿ.ಐ. ಪೈಪಿಗೆ ಮೈತುಂಬ ಸತು ಹೊದಿಸಿರುವುದರಿಂದ ಅದನ್ನು ದೂರವಿಡಿ. ಹಳೆಯ ಬೆಳ್ಳಿ ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಇರಬಹುದು. ಅದರ ಹೊಗೆ ಜೀವವನ್ನೇ ತೆಗೆಯಬಲ್ಲದು. ಇದು ತಮಾಷೆಯಲ್ಲ. ಗಾಳಿಯಾಡುವಲ್ಲಿ ಕೆಲಸ ಮಾಡಿ, ಬಣ್ಣದ ಕನ್ನಡಕ ಹಾಕಿ.

ಹಂತ 1: ಕೊಯ್ಯುವುದು

ಪೈಪಿನ ತುದಿಯನ್ನು ನೇರ ಕತ್ತರಿಸಿದರೆ ಸಾಲದು. ಎದುರಿನ ಪೈಪಿನ ದುಂಡಿಗೆ ಒಪ್ಪಿ ಕೂರುವಂತೆ ಅರ್ಧದುಂಡು ಫೈಲಿನಲ್ಲಿ ಉಜ್ಜಬೇಕು. ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಂಡರೆ ಇನ್ನಷ್ಟು ಉಜ್ಜಿ. ಬೆಳಕು ಪೂರ್ತಿ ಮರೆಯಾಗುವ ಹೊತ್ತಿಗೆ ಪೈಪು ಬೇಕಾದ ಉದ್ದಕ್ಕಿಂತ ಗಿಡ್ಡವಾಗಿರುತ್ತದೆ. ಹೊಸ ಪೈಪು ತನ್ನಿ.

ಹಂತ 2: ಮಡಿ

ಲಗ್ಗಿನ ಒಳಮೈ, ಪೈಪಿನ ಹೊರಮೈ ಎರಡನ್ನೂ ಎಮರಿ ಕಾಗದದಲ್ಲಿ ಹೊಳೆಯುವಂತೆ ತಿಕ್ಕಿ, ಜಿಡ್ಡು ಒರೆಸಿ, ಫ್ಲಕ್ಸ್ ಬಳಿಯಿರಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳ ಜಿಡ್ಡಿರುವಲ್ಲಿ ಲೋಹ ಹಿಡಿಯುವುದಿಲ್ಲ. ಬೆಳ್ಳಿಗಾದರೆ ಲಗ್ಗಿಗೂ ಪೈಪಿಗೂ ನಡುವೆ 0.05ರಿಂದ 0.13 ಮಿ.ಮೀ. ಸಂದಿಯಿರಲಿ. ತೀರ ಬಿಗಿಯಾದರೆ ಒಳಕ್ಕೆ ದಾರಿಯಿಲ್ಲ, ಸಡಿಲವಾದರೆ ಸೆಳೆತವಿಲ್ಲ. ಎರಡೂ ಕಡೆ ಮುಚ್ಚಿಹೋಗುವ ಪೈಪಿಗೆ ಒಂದು ಸಣ್ಣ ತೂತು ಕೊರೆಯಿರಿ. ಇಲ್ಲದಿದ್ದರೆ ಒಳಗೆ ಕಾದ ಗಾಳಿ ನಿಮ್ಮ ಬೆಸುಗೆಯನ್ನೇ ಊದಿ ಹೊರಹಾಕುತ್ತದೆ.

ಹಂತ 3: ಬೆಂಕಿ

ಕಡ್ಡಿಯನ್ನು ಜ್ವಾಲೆಗೆ ಹಿಡಿಯಬೇಡಿ. ಈ ಸಾಲನ್ನು ಗೋಡೆಯ ಮೇಲೆ ಬರೆದುಕೊಳ್ಳಿ. ಜ್ವಾಲೆ ಕಾಯಿಸಬೇಕಾದ್ದು ಉಕ್ಕನ್ನು. ಕಡ್ಡಿಯನ್ನು ಕರಗಿಸಬೇಕಾದ್ದು ಉಕ್ಕು. ಜ್ವಾಲೆಗೆ ಕರಗಿದ ಕಡ್ಡಿ ತಣ್ಣನೆಯ ಉಕ್ಕಿನ ಮೇಲೆ ಗುಂಡಗೆ ಕೂತು, ತಟ್ಟಿದರೆ ಉದುರುತ್ತದೆ.

ದಪ್ಪಗಿರುವುದರ ಮೇಲೆ ಜ್ವಾಲೆ ಹೆಚ್ಚು ಹೊತ್ತಿರಲಿ, ತೆಳುವಾದುದರ ಮೇಲೆ ಕಡಿಮೆ. ಬಿ.ಬಿ. ಶೆಲ್ಲು ಕಾಯುವುದರೊಳಗೆ ಪೈಪು ಬೆಂದುಹೋಗಿರಬಾರದು. ಎಲ್ಲೂ ನಿಲ್ಲದೆ ಜ್ವಾಲೆಯನ್ನು ಆಡಿಸುತ್ತಿರಿ. ಬೆಳ್ಳಿಯ ಫ್ಲಕ್ಸ್ ಮೊದಲು ಉಕ್ಕಿ, ಬೆಳ್ಳಗೆ ಹರಳುಗಟ್ಟಿ, 600ರ ಸುಮಾರಿಗೆ ತಿಳಿಯಾಗಿ ಹರಡುತ್ತದೆ. ಈಗ ಲಗ್ಗಿನ ಒಂದು ಅಂಚಿಗೆ ಕಡ್ಡಿ ಮುಟ್ಟಿಸಿ, ಜ್ವಾಲೆಯನ್ನು ಎದುರಿನ ಅಂಚಿನತ್ತ ಸರಿಸಿ. ಬಾಳೆಲೆಯ ಮೇಲಿನ ಸಾರು ತಗ್ಗು ಹುಡುಕಿ ಓಡುವಂತೆ ಕರಗಿದ ಲೋಹ ಬಿಸಿ ಹುಡುಕಿ ಓಡುತ್ತದೆ. ಮೇಲ್ಮುಖವಾಗಿಯೂ ಓಡುತ್ತದೆ. ಎದುರಿನ ಅಂಚಿನಲ್ಲಿ ಸುತ್ತಲೂ ಸಣ್ಣ ಹೊಳಪಿನ ಗೆರೆ ಮೂಡಿದರೆ ನಿಲ್ಲಿಸಿ. ಇನ್ನೊಂದಿಷ್ಟು ಇರಲಿ ಎಂದು ಕಡ್ಡಿ ಸವೆಸುವುದರಿಂದ ಲಾಭವಾಗುವುದು ಕಡ್ಡಿ ಮಾರುವವನಿಗೆ.

ಬೆಸುಗೆ ತಾನಾಗಿ ಆರಲಿ. ನೀರು ಸುರಿಯಬೇಡಿ. ಪೂರ್ತಿ ಆರಿದ ಮೇಲೆ ಬಿಸಿನೀರಲ್ಲಿ ನೆನೆಹಾಕಿ, ಗಾಜುಗಟ್ಟಿದ ಫ್ಲಕ್ಸ್ ತೊಳೆಯಿರಿ.

ಹಂತ 4: ಕೆಡಿಸುವುದು

ನಿಮ್ಮ ಮೊದಲ ಸುಂದರ ಬೆಸುಗೆ ಸಿದ್ಧವಾಗಿದೆ. ಫೋಟೋ ತೆಗೆಯಿರಿ, ಬಂಧುಗಳಿಗೆ ಕಳಿಸಿ. ಆಮೇಲೆ ಅದನ್ನು ಉದ್ದಕ್ಕೆ ಸೀಳಿ.

ಹೊರಗಿನ ಮಿರುಗಿಗೂ ಒಳಗೆ ತುಂಬಿರುವುದಕ್ಕೂ ನಂಟಿಲ್ಲ. ಅಂಚಿನಲ್ಲಿ ಒಡವೆಯಂತಿರುವ ಬೆಸುಗೆಯೊಳಗೆ ಅರ್ಧ ಸಂದಿ ಖಾಲಿಯಿರಬಹುದು. ವೆಲ್ಡಿಂಗ್ ಶಾಪಿನ ಮೇಸ್ತ್ರಿ ಒಂದು ತುಂಡನ್ನು ಎತ್ತಿ ನೋಡಿ, “ಏನ್ ಸಾರ್, ಮಾಡಿದ್ದನ್ನೆಲ್ಲ ಕೊಯ್ತಾ ಇದೀರಲ್ಲ, ಸೈಕಲ್ ಯಾವಾಗ?” ಎಂದು ಕೇಳಿದರೆ, ಕೊಯ್ಯಲು ಬೇಸರವಾದ ದಿನ ಎನ್ನಿ. ಸೀಳಿದ ತುಂಡುಗಳೆಲ್ಲ ಒಂದೇ ಸಮ ತುಂಬಿರುವುದು ರೂಢಿಯಾದ ಮೇಲೆ ಮಾತ್ರ ಹಂತ 5.

ಹಂತ 5: ಫ್ರೇಮು

ಈವರೆಗೆ ಮಾಡಿದ್ದನ್ನೇ ಪ್ರತಿ ಲಗ್ಗಿಗೂ ಮಾಡಿ, ಸೀಳುವುದೊಂದನ್ನು ಬಿಟ್ಟು. ಪ್ರತಿ ಬೆಸುಗೆಯ ನಂತರ ದಾರದಿಂದ ಪರೀಕ್ಷಿಸಿ: ಹಿಂದಿನ ಗಾಲಿ ಕೂರುವ ಒಂದು ತುದಿಯಿಂದ ದಾರ ಎಳೆದು, ಮುಂದೆ ಹ್ಯಾಂಡಲ್ ಕೂರುವ ಹೆಡ್ ಟ್ಯೂಬನ್ನು ಸುತ್ತಿಸಿ ಇನ್ನೊಂದು ತುದಿಗೆ ತನ್ನಿ. ಸೀಟಿನ ಪೈಪಿನಿಂದ ಎರಡೂ ಬದಿಯ ದಾರಕ್ಕೆ ಅಂತರ ಒಂದೇ ಇರಬೇಕು. ಕಾದ ಉಕ್ಕು ಆರುವಾಗ ತನಗಿಷ್ಟ ಬಂದ ಕಡೆ ಎಳೆಯುತ್ತದೆ. ದಾರ ಯಾರ ಮುಲಾಜಿಗೂ ಬೀಳುವುದಿಲ್ಲ.

ತೊಂದರೆ ಮತ್ತು ಪರಿಹಾರ

*ಲೋಹ ಗುಂಡುಗಟ್ಟುತ್ತಿದೆ.* ಉಕ್ಕು ಕಾದಿಲ್ಲ, ಅಥವಾ ಮಡಿ ಕೆಟ್ಟಿದೆ.

*ಫ್ಲಕ್ಸ್ ಕಪ್ಪಾಯಿತು.* ಕಾಯಿಸಿದ್ದು ಹೆಚ್ಚಾಯಿತು. ಆರಿಸಿ, ತೊಳೆದು, ಮೊದಲಿನಿಂದ ಶುರು ಮಾಡಿ.

*ಪೈಪಿನಲ್ಲಿ ತೂತು ಬಿತ್ತು.* ನೀವು ಮಾಡಿದ್ದು ಬ್ರೇಜಿಂಗ್ ಅಲ್ಲ.

*ಬಣ್ಣ ಹೊಡೆದರೆ ಎಲ್ಲ ಮುಚ್ಚಿಹೋಗುತ್ತದಲ್ಲ?* ಹೌದು. ಅದಕ್ಕೇ ಬಣ್ಣ ಕೊನೆಗೆ.

ಖಾತರಿ

ಈ ಫ್ರೇಮಿಗೆ ಖಾತರಿ ಕೊಡುವವರು ನೀವು, ಅದರ ಮೇಲೆ ಕೂತು ಇಳಿಜಾರಿನಲ್ಲಿ ಹೋಗುವವರೂ ನೀವು. ಆದ್ದರಿಂದ ವಂಚನೆಗೆ ಅವಕಾಶ ಕಡಿಮೆ. ಮೊದಮೊದಲು ನಿಧಾನ ಓಡಿಸಿ, ಹೆಡ್ ಟ್ಯೂಬಿನ ಕೆಳಗಿನ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಆಗಾಗ ನೋಡಿ.

ಎಲ್ಲಾದರೂ ಗುದ್ದಿ ಒಂದು ಪೈಪು ಬಾಗಿದರೆ, ಲಗ್ಗನ್ನು ಮತ್ತೆ ಕಾಯಿಸಿ ಆ ಪೈಪೊಂದನ್ನೇ ಕಳಚಿ ಬೇರೆಯದನ್ನು ಕೂರಿಸಬಹುದು. ಬ್ರೇಜಿಂಗಿನ ದೊಡ್ಡ ಗುಣವೇ ಇದು. ಕೊಂಡ ಸೈಕಲ್ಲು ಕೆಟ್ಟರೆ ಗುಜರಿಗೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಇದರಲ್ಲಿ ಆ ಸವಲತ್ತನ್ನು ತಯಾರಕರು ಒದಗಿಸಿಲ್ಲ.