ಸ್ವಗೃಹ ಜಲಕ್ರೀಡಾ ಮೀಮಾಂಸೆ: ವ್ಯಯಕಾಂಡ

ಮಹಾಕಾವ್ಯವೆಂದರೆ ಅದರಲ್ಲಿ ಅಷ್ಟಾದಶ ವರ್ಣನೆಗಳಿರಬೇಕು, ಅವುಗಳಲ್ಲಿ ಜಲಕ್ರೀಡೆಯೂ ಒಂದು ಎಂದು ಲಾಕ್ಷಣಿಕರು ವಿಧಿಸಿದ್ದಾರೆ. ಕ್ರೀಡೆ ಮುಗಿದ ಮೇಲೆ ಕೊಳ ತೊಳೆದವರಾರು, ಅವರ ಸಂಬಳವೆಷ್ಟು ಎಂಬಲ್ಲಿ ಮಾತ್ರ ಕವಿಕುಲಕ್ಕೆ ಮೌನ. ಆ ಲೋಪವನ್ನು ತುಂಬಲೆಂದೇ ಈ ಕಿರುಗ್ರಂಥ. ಅಧ್ಯಯನಕ್ಷೇತ್ರ, ಬೆಂಗಳೂರಿನ ಹೊರವಲಯದ ವಿಲ್ಲಾಗಳು.

ಮೊದಲು ಪ್ರಮಾಣವಿಚಾರ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳ 48,000 ಲೀಟರ್ ಕುಡಿಯುತ್ತದೆ. ಅಂದರೆ 12,000 ಲೀಟರಿನ ನಾಲ್ಕು ಟ್ಯಾಂಕರು. 2024ರ ಬರದಲ್ಲಿ ಜಿಲ್ಲಾಡಳಿತ ಇಂಥ ಟ್ಯಾಂಕರೊಂದಕ್ಕೆ, ಐದು ಕಿಲೋಮೀಟರ್ ಒಳಗಾದರೆ, 1,000 ರೂಪಾಯಿ ನಿಗದಿ ಮಾಡಿತು. (ದರ ಕಾಗದದ ಮೇಲಿತ್ತು, ಟ್ಯಾಂಕರು ರಸ್ತೆಯ ಮೇಲಿತ್ತು, ಇವೆರಡೂ ಸಂಧಿಸಿದ್ದಕ್ಕೆ ಶಾಸನಾಧಾರ ಕಡಿಮೆ.) ಅದೇ ಮಾರ್ಚಿನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಎಂದಿತು. ತುಂಬಿಸುವುದಕ್ಕಿಂತ ಸಿಕ್ಕಿಬೀಳುವುದೇ ದುಬಾರಿಯಾದ ಅಪೂರ್ವ ಪ್ರಸಂಗವಿದು.

ಪೂರ್ವಪಕ್ಷ: ಒಮ್ಮೆ ತುಂಬಿದರೆ ಆಯಿತಲ್ಲ? ಇದು ಕೊಳವಿಲ್ಲದವರ ವಾದ. ಬೇಸಿಗೆಯಲ್ಲಿ ದಿನಕ್ಕೆ ಐದೇ ಮಿಲಿಮೀಟರ್ ಆವಿಯಾದರೂ 160 ಲೀಟರ್ ಹೋಯಿತು. ಮರಳಿನ ಫಿಲ್ಟರನ್ನು ಹಿಂದುಮುಂದಾಗಿ ತೊಳೆಯಲು ಮತ್ತಷ್ಟು. ಒಂದೂವರೆ ಅಶ್ವಶಕ್ತಿಯ ಪಂಪು ಎಂಟು ಗಂಟೆ ಓಡಿದರೆ ಸುಮಾರು ಒಂಬತ್ತು ಯೂನಿಟ್ ಕರೆಂಟು. ಅಷ್ಟು ಓಡಿಯೂ ಆ ಅಶ್ವ ಅದೇ ನೀರನ್ನು ಅದೇ ಗುಂಡಿಗೆ ತಂದು ಸುರಿಯುತ್ತದೆ.

ಇನ್ನು ಗಂಧಪ್ರಕರಣ. ಕ್ಲೋರಿನ್ ವಾಸನೆ ಗಾಢವಾಗಿದ್ದರೆ ನೀರು ಶುದ್ಧ ಎಂದು ಲೋಕ ನಂಬಿದೆ. ವಾಸ್ತವದಲ್ಲಿ ಅದು ಬೆವರು, ಮೂತ್ರಗಳೊಡನೆ ಕ್ಲೋರಿನ್ ಕೂಡಿ ಹುಟ್ಟಿದ ಕ್ಲೋರಮೈನಿನ ವಾಸನೆ. ರಜೆಗೆ ಬಂದ ನೆಂಟರ ಮಕ್ಕಳು ಎಷ್ಟೆಂದು ಮೂಗೇ ಹೇಳಿಬಿಡುತ್ತದೆ. ಪರಿಹಾರವಾಗಿ ಶಾಸ್ತ್ರ ಹೇಳುವುದು ಇನ್ನೂ ಹೆಚ್ಚು ಕ್ಲೋರಿನ್.

ಇಷ್ಟೆಲ್ಲ ಆದಮೇಲೆ ಈಜುವವರು ಯಾರು? ಯಜಮಾನರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿದ್ದಾರೆ. ನಿತ್ಯ ನೀರಿನ ಸಾನ್ನಿಧ್ಯ ಲಭಿಸಿರುವುದು ಜಾಲರಿ ಹಿಡಿದು ಎಲೆ ಹೆಕ್ಕುವ ಹುಡುಗನಿಗೆ, ಅವನು ಇಳಿಯುವಂತಿಲ್ಲ. ಹೀಗಾಗಿ ಒಂದು ಮುಳುಗಿಗೆ ಬಿದ್ದ ಖರ್ಚೆಷ್ಟು ಎಂದು ಭಾಗಿಸಹೊರಟರೆ ಛೇದದಲ್ಲಿ ಸೊನ್ನೆ ಕೂತು ಗಣಿತವೇ ಕೈಚೆಲ್ಲುತ್ತದೆ. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನಿಗೂ ಬೆವರಿಳಿಯಿತೆಂದು ರನ್ನ ವರ್ಣಿಸಿದ್ದಾನಷ್ಟೆ. ಭೀಮನ ಗರ್ಜನೆಯೇ ಕಾರಣವೆಂಬುದು ಹಳೆಯ ವ್ಯಾಖ್ಯಾನ. ಆ ದಿನ ತಿಂಗಳ ಕೊನೆಯಾಗಿದ್ದಿರಬಹುದು ಎಂಬುದು ನಮ್ಮ ಪಕ್ಷ.

ಹಾಗಾದರೆ ಬರಿದು ಮಾಡಿಬಿಡಿ ಎನ್ನುವವರಿಗೆ ಎಂಜಿನಿಯರುಗಳು ಎಚ್ಚರಿಸುತ್ತಾರೆ: ಖಾಲಿ ತೊಟ್ಟಿಯನ್ನು ಅಂತರ್ಜಲ ಅಡಿಯಿಂದ ಒತ್ತಿ ಮೇಲಕ್ಕೆತ್ತಿಬಿಡಬಹುದು. ಸಾವಿರ ಅಡಿ ಕೊರೆದರೂ ದೂಳೇ ಬರುವ ಬಡಾವಣೆಗಳಿಗೆ ಈ ಭಯವೊಂದಿಲ್ಲ.