ಢಣ್ ಹೋಗಿ ಢಬ್ ಬಂತು

1958ರಲ್ಲಿ ಡೇವಿಡ್ ಓಗಿಲ್ವಿ ಎಂಬ ಜಾಹೀರಾತಿನ ಗಾರುಡಿಗ ರೋಲ್ಸ್ ರಾಯ್ಸ್ ಕಾರಿಗೊಂದು ಜಾಹೀರಾತು ಬರೆದ. ಗಂಟೆಗೆ 60 ಮೈಲಿ ವೇಗದಲ್ಲಿ ಓಡುವಾಗಲೂ ಆ ಕಾರಿನೊಳಗೆ ಎಲ್ಲಕ್ಕಿಂತ ಜೋರಾಗಿ ಕೇಳುವುದು ಅದರ ಗಡಿಯಾರದ ಸದ್ದು ಎಂಬುದು ಅದರ ತಾತ್ಪರ್ಯ. ಜಗತ್ತು ತಲೆದೂಗಿತು. ಕಂಪನಿಯ ಎಂಜಿನಿಯರೊಬ್ಬ ಮಾತ್ರ ಅದನ್ನೋದಿ, ಆ ಹಾಳು ಗಡಿಯಾರಕ್ಕೆ ಏನಾದರೂ ಮಾಡಬೇಕಲ್ಲ ಎಂದು ಗೊಣಗಿದನಂತೆ. ಕಾರಿನ ಸದ್ದಡಗಿಸಲು ಹೊರಟವರೆಲ್ಲರ ಹಣೆಬರಹವೂ ಆ ಎಂಜಿನಿಯರನದೇ. ಒಂದು ಸದ್ದಿನ ಬಾಯಿ ಮುಚ್ಚಿಸಿದರೆ ಅದರ ಬೆನ್ನ ಹಿಂದೆ ಅಡಗಿದ್ದ ಇನ್ನೊಂದು ತಲೆಯೆತ್ತುತ್ತದೆ.

ಈ ಪ್ರಬಂಧಕಾರನ ಹತ್ತಿರ ಇರುವುದು ಸಣ್ಣದೊಂದು ಹ್ಯಾಚ್‌ಬ್ಯಾಕ್. ಬಾಗಿಲು ಹಾಕಿದರೆ ಢಣ್ ಎನ್ನುತ್ತದೆ. ಮಳೆ ಬಂದರೆ ಒಳಗೆ ಕೂತವರು ಕೈಸನ್ನೆಯಲ್ಲೇ ಮಾತಾಡಬೇಕು. ಮೈಸೂರು ಹೆದ್ದಾರಿಯಲ್ಲಿ ವೇಗ ನೂರರ ಹತ್ತಿರ ಬಂತೆಂದರೆ ಹಿಂದಿನ ಸೀಟಿನ ಅತ್ತೆಯವರ ಮಾತು ಮುಂದಿನ ಸೀಟಿಗೆ ತಲುಪುವುದಿಲ್ಲ. ಇದನ್ನು ಆತ ಬಹಳ ವರ್ಷ ಕಾರಿನ ಸೌಕರ್ಯಗಳಲ್ಲೊಂದು ಎಂದೇ ಎಣಿಸಿದ್ದ. ಕೆಟ್ಟದ್ದು ಗೆಳೆಯನ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಕೂತ ದಿನ. "ಯಾವಾಗ ಸ್ಟಾರ್ಟ್ ಮಾಡ್ತೀಯೋ?" ಎಂದು ಕೇಳುವಷ್ಟರಲ್ಲಿ ಕಾರು ಗೇಟು ದಾಟಿ ಬೀದಿಯಲ್ಲಿತ್ತು.

ಮನೆಗೆ ಬಂದವನೇ ಓದಲು ಕೂತ. ಕಾರಿನೊಳಗೆ ಕೇಳುವ ಸದ್ದಿನ ಮೂಲ ಮುಖ್ಯವಾಗಿ ಮೂರು: ಎಂಜಿನ್ನು, ಟೈರು, ಗಾಳಿ. ಊರೊಳಗೆ ಎಂಜಿನ್ನಿನ ಆರ್ಭಟ. ವೇಗ ಏರಿದಂತೆ ಟೈರಿನ ಮೊರೆತ, ಆಮೇಲೆ ಕನ್ನಡಿ, ಕಿಟಕಿಗಳ ಅಂಚಿನಲ್ಲಿ ಸೀಳುವ ಗಾಳಿ. ಎಲೆಕ್ಟ್ರಿಕ್ ಕಾರಿಗೂ ಕೊನೆಯ ಎರಡು ತಪ್ಪಿದ್ದಲ್ಲ. ಎಂಜಿನ್ನು ಇಲ್ಲದ ಕಾರಣ ಟೈರಿನ ಸದ್ದು ಅಲ್ಲಿ ಇನ್ನಷ್ಟು ಎದ್ದು ಕೇಳುತ್ತದೆ. ಅದಕ್ಕೇ ಕೆಲವು ಕಂಪನಿಗಳು ಟೈರಿನ ಒಳಮೈಗೆ ಸ್ಪಂಜು ಅಂಟಿಸಿ ಮಾರುತ್ತವೆ. ಸದ್ದಿಗೆ ಎದುರು ಸದ್ದು ಹೊಡೆದು ಎರಡನ್ನೂ ಅಳಿಸುವ ಉಪಾಯಕ್ಕೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ನಮ್ಮ ಅನೇಕ ಮನೆಗಳಲ್ಲಿ ಗಂಡ ಹೆಂಡಿರು ಪೇಟೆಂಟಿನ ಹಂಗಿಲ್ಲದೆ ಇದನ್ನೇ ಪ್ರಯೋಗಿಸುತ್ತಾರೆ. ಫಲಿತಾಂಶ ಮಾತ್ರ ಲ್ಯೂಗ್ ಹೇಳಿದ ಹಾಗೆ ಬರುವುದಿಲ್ಲ.

ಬೆಂಗಳೂರಿನಲ್ಲಿ ಕಾರಿನ ಮೇಲೆ ದುಡ್ಡು ಸುರಿಯುವ ಚಟ ಹತ್ತಿದವರ ಕಾಲು ತಾನಾಗಿ ಜೆ.ಸಿ. ರಸ್ತೆಯ ಕಡೆಗೆ ತಿರುಗುತ್ತದೆ. ಅಂಗಡಿಯ ಹುಡುಗ ಬಾಗಿಲಿನ ಒಳಹೊದಿಕೆ ಬಿಚ್ಚಿ ಬೋಳು ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದ: ಢಣ್. ಅಲ್ಯೂಮಿನಿಯಂ ಬೆನ್ನಿನ, 2 ಮಿಲಿಮೀಟರ್ ದಪ್ಪದ ಬ್ಯುಟೈಲ್ ರಬ್ಬರ್ ಹಾಳೆಯ ತುಂಡೊಂದನ್ನು ಅಂಟಿಸಿ, ರೋಲರ್‌ನಿಂದ ಒತ್ತಿ, ಮತ್ತೆ ತಟ್ಟಿದ: ಢಬ್.

ಪ್ರಬಂಧಕಾರ ಅಲ್ಲೇ ಶರಣಾದ.

ತಗಡಿನ ನಡುಕವನ್ನು ರಬ್ಬರು ಹೀರಿಕೊಂಡು ತುಸು ಶಾಖವಾಗಿ ಕಳೆದುಬಿಡುತ್ತದೆ. ಇದಕ್ಕೆ ತಗಡನ್ನು ಪೂರ್ತಿ ಮುಚ್ಚಬೇಕೆಂದೇನೂ ಇಲ್ಲ, ಕಾಲು ಭಾಗಕ್ಕೆ ಅಂಟಿಸಿದರೂ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ. ಆದರೆ ಅಂಗಡಿಯವರ ಲೆಕ್ಕ ಚದರಡಿಯಲ್ಲಿ. "ಪೂರ್ತಿ ಹಾಕ್ಸಿಬಿಡಿ ಸಾರ್, ಆಮೇಲೆ ನೀವೇ ಹೇಳ್ತೀರ." ನಾಲ್ಕು ಬಾಗಿಲು, ನೆಲ, ಡಿಕ್ಕಿ ಎಲ್ಲಕ್ಕೂ ಬೆಳ್ಳಿಯ ಕವಚ ತೊಡಿಸಿದ್ದಾಯಿತು, ಬಾಗಿಲ ಸಂದಿಗಳಿಗೆ ಹೊಸ ಬೀಡಿಂಗ್ ಬಂತು. ಬಾಗಿಲ ತಳದ ಸಣ್ಣ ತೂತುಗಳು ಮಳೆನೀರು ಇಳಿಯುವ ದಾರಿ, ಮುಚ್ಚಿದರೆ ತುಕ್ಕು ಹಿಡಿಯುತ್ತದೆ ಎಂಬ ಹೊಸದಾಗಿ ಓದಿದ ಜ್ಞಾನವನ್ನು ಆತ ಹುಡುಗನಿಗೆ ಪದೇ ಪದೇ ದಾನ ಮಾಡಿದ. ಹುಡುಗ ನಕ್ಕು ಕೆಲಸ ಮುಂದುವರಿಸಿದ.

ಮೊಬೈಲಿನಲ್ಲಿ ಅಳೆದಾಗ ಇಳಿದದ್ದು 3 ಡೆಸಿಬೆಲ್. "ಸದ್ದಿನ ಶಕ್ತಿ ಅರ್ಧಕ್ಕರ್ಧ ಕಮ್ಮಿ!" ಎಂದು ಮನೆಯಲ್ಲಿ ಸಾರಿದ. ಲೆಕ್ಕ ಸರಿಯೇ, ಆದರೆ ಕಿವಿ ಅದನ್ನು ಒಪ್ಪುವುದಿಲ್ಲ. ಸದ್ದು ಅರ್ಧವಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. "ದುಡ್ಡು ಮಾತ್ರ ಪೂರ್ತಿ ಕಮ್ಮಿ ಆಗಿದೆ, ಅಲ್ವೇನ್ರೀ?" ಎಂದಳು ಹೆಂಡತಿ.

ಆಗ ಶುರುವಾಯಿತು ಅದು. ಕೊಟಕ್. ಸ್ವಲ್ಪ ಬಿಟ್ಟು, ಲೊಟಲೊಟ.

ಗ್ಲೋವ್ ಬಾಕ್ಸ್ ಖಾಲಿ ಮಾಡಿದ. ಸೀಟ್ ಬೆಲ್ಟಿನ ಕೊಂಡಿಗಳಿಗೆ ಮಗುವಿನ ಕಾಲುಚೀಲ ತೊಡಿಸಿದ. ಗ್ಯಾರೇಜಿನವನು "ಎಲ್ಲಾ ಕಾರಲ್ಲೂ ಬರತ್ತೆ ಸಾರ್" ಎಂದ. ಎಂಜಿನ್ನಿನ ಸದ್ದು ಪತ್ತೆ ಹಚ್ಚಲು ಮೆಕ್ಯಾನಿಕ್‌ಗಳು ಸ್ಟೆತಸ್ಕೋಪ್ ಬಳಸುವುದುಂಟು ಎಂದು ಆತ ಓದಿದ್ದ. ಎಂಬಿಬಿಎಸ್ ಓದುತ್ತಿದ್ದ ಅಕ್ಕನ ಮಗನ ಸ್ಟೆತಸ್ಕೋಪ್ ಬಂತು. ಭಾನುವಾರ ಬೆಳಿಗ್ಗೆ ಬಾಮೈದ ಸ್ಟಿಯರಿಂಗ್ ಹಿಡಿದ; ಪ್ರಬಂಧಕಾರ ಡಿಕ್ಕಿಯಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಂದು ಮಲಗಿದ. ಸ್ಟೆತಸ್ಕೋಪಿನ ಬಿಲ್ಲೆ ಒಮ್ಮೆ ನೆಲಕ್ಕೆ, ಒಮ್ಮೆ ಪಕ್ಕದ ತಗಡಿಗೆ. ಹಂಪುಗಳಿಗೆ ನಮ್ಮ ಬಡಾವಣೆಗಳಲ್ಲಿ ಬರವೇ?

"ಭಾವ, ಹಂಪು ಬಂತು."

"ಬರಲಿ."

ಕೊಟಕ್. ಭಾವನ ತಲೆಯೂ ಕೊಟಕ್. ಯಾವುದು ಯಾವುದರ ಸದ್ದೆಂದು ತಿಳಿಯದೆ ಅದೇ ಹಂಪನ್ನು ಮತ್ತೆ ಹತ್ತಿಸಿದರು. ಹಿಂದಿನ ಗಾಜಿಗೆ ಒತ್ತಿದ್ದ ಪಾದಗಳನ್ನು ಮೂಲೆಯ ಹೂವಿನಮ್ಮ ಕಂಡದ್ದು ಆಗಲೇ. "ಅಯ್ಯೋ, ಯಾರನ್ನೋ ಹೊತ್ಕೊಂಡು ಹೋಗ್ತಾ ಅವ್ರೆ!" ಎಂದು ಆಕೆ ಕೂಗಿದ್ದಕ್ಕೆ ಎರಡು ಬೈಕು, ಒಂದು ಆಟೋ ಅಡ್ಡ ನಿಂತವು. ಡಿಕ್ಕಿಯನ್ನು ಒಳಗಿನಿಂದ ತೆಗೆಯಲು ಬರುವುದಿಲ್ಲವಾದ್ದರಿಂದ, ಅಪಹೃತ ವ್ಯಕ್ತಿ ಗಾಜಿನಾಚೆಯಿಂದ ಎಲ್ಲರಿಗೂ ಕೈಬೀಸಿ ನಗುತ್ತಿದ್ದ. "ಸದ್ದು ಹುಡುಕ್ತಾ ಇದ್ದಾರೆ" ಎಂದ ಬಾಮೈದನ ಹೇಳಿಕೆಯನ್ನು ಯಾರೂ ನಂಬಲಿಲ್ಲ. ಡಿಕ್ಕಿ ತೆರೆದಾಗ ಕೊರಳಲ್ಲಿ ಸ್ಟೆತಸ್ಕೋಪ್ ಕಂಡ ಹಿರಿಯರೊಬ್ಬರು "ಡಾಕ್ಟ್ರಾ? ನಂಗೂ ಈ ಮಂಡಿ ಒಂದು..." ಎಂದು ಪಂಚೆ ಎತ್ತತೊಡಗಿದರು. ವಿಷಯ ತಿಳಿದದ್ದೇ ತಡ, ಇಡೀ ಬೀದಿ ತಜ್ಞರ ಸಮಿತಿಯಾಯಿತು. ಒಬ್ಬ ಸೈಲೆನ್ಸರ್ ಅಂದ, ಇನ್ನೊಬ್ಬ ಸಸ್ಪೆನ್ಷನ್ ಬುಷ್ ಅಂದ. ಆಟೋದವನು ಮಾತಾಡದೆ ಮ್ಯಾಟ್ ಎತ್ತಿ, ಸ್ಟೆಪ್ನಿಯ ನಡುವಿನ ಗುಳಿಗೆ ಕೈಹಾಕಿ, ಒಂದು ತೆಂಗಿನಕಾಯಿ ಹೊರತೆಗೆದ.

ಕಳೆದ ವರ್ಷ ತೋಟದಿಂದ ಮೂಟೆ ತಂದಾಗ ಉರುಳಿದ್ದಿರಬೇಕು. ಜೆ.ಸಿ. ರಸ್ತೆಯ ಹುಡುಗ ಡಿಕ್ಕಿಗೆ ಹಾಳೆ ಅಂಟಿಸಿದ ಮೇಲೆ, ಪೂಜೆಯ ಕಾಯಿ ಎಂದುಕೊಂಡು ಭಕ್ತಿಯಿಂದ ಅಲ್ಲೇ ವಾಪಸ್ ಇಟ್ಟಿದ್ದಾನೆ. ತಿಪಟೂರು ಕಡೆಯ ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟ ಕಾಯಿಯ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಲೊಟಲೊಟ ಎಂದರೇನೇ ಆ ಸೀಮೆಯವರಿಗೆ ಕೊಬ್ಬರಿ ಆಯಿತೆಂಬ ಲೆಕ್ಕ. "ಗಿಟುಕಾಗಿದೆ ಅಳಿಯಂದಿರೇ. ಹಿಂದೆ ಕಾಯಿ ಉರುಳ್ತಾ ಇದೆ ಅಂತ ಮೈಸೂರಿಗೆ ಹೋಗುವಾಗಲೇ ಹೇಳಿದ್ನಲ್ಲ, ನಿಮಗೆ ಕೇಳಿಸಲಿಲ್ವಾ?"

ಉಳಿದದ್ದು ಹಾರ್ನು. ವಸತಿ ಪ್ರದೇಶದಲ್ಲಿ ಹಗಲಿನ ಸದ್ದು 55 ಡೆಸಿಬೆಲ್ ಮೀರಬಾರದೆಂದು 2000ದ ನಿಯಮ ಹೇಳುತ್ತದೆ. ಹಸಿರು ದೀಪ ಹತ್ತುವ ಮೊದಲೇ ಪೀಕರಿಸುವ ಹಿಂದಿನ ಕಾರಿನವನಿಗೆ ಅದನ್ನು ಓದಿ ಹೇಳುವವರು ಯಾರು? 2020ರಲ್ಲಿ ಮುಂಬೈ ಪೊಲೀಸರು ಕೆಲವು ಸಿಗ್ನಲ್‌ಗಳಿಗೆ ಡೆಸಿಬೆಲ್ ಮೀಟರ್ ಜೋಡಿಸಿ, ಗದ್ದಲ 85 ದಾಟಿದರೆ ಕೆಂಪು ದೀಪದ ಎಣಿಕೆ ಮೊದಲಿಂದ ಶುರುವಾಗುವ ಹಾಗೆ ಮಾಡಿದ್ದರು. ಆ ಪೊಲೀಸರಿಗೆ ಪ್ರಬಂಧಕಾರ ಮನಸ್ಸಿನಲ್ಲೇ ಹಾರ ಹಾಕಿದ್ದಾನೆ. ಹಾರ್ನಿನಲ್ಲಿ ಭಾರತೀಯ ವಾದ್ಯಗಳ ನಾದ ಬರಲಿ ಎಂದು ಸಚಿವ ನಿತಿನ್ ಗಡ್ಕರಿ 2021ರಲ್ಲಿ ಹೇಳಿದ್ದರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಾವಿರ ಕೊಳಲು ಒಟ್ಟಿಗೆ, ಸಾವಿರ ಶ್ರುತಿಯಲ್ಲಿ! ಆದರೆ ಕವಚ ಹಾಕಿಸಿದಂದಿನಿಂದ ತನ್ನ ಹಾರ್ನೂ ತನಗೆ ಮೆತ್ತಗೆ ಕೇಳುತ್ತಿದೆ. ಆದ್ದರಿಂದ ಈತನೂ ಅದನ್ನು ತುಸು ಹೆಚ್ಚು ಹೊತ್ತೇ ಒತ್ತುತ್ತಾನೆ. ಒಳಗೆ ಇಳಿಸಿದ 3 ಡೆಸಿಬೆಲ್ ಬಡ್ಡಿ ಸಮೇತ ಬೀದಿಗೆ ಸಂದಾಯ. ಚೌಕದ ನಡುವೆ ನಿಂತ ಟ್ರಾಫಿಕ್ ಪೇದೆಗೆ ಯಾರೂ ಬ್ಯುಟೈಲ್ ಹೊದಿಸಿಲ್ಲ.

ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಕಡೆಗೆ ಹೊರಟ ಆಂಬುಲೆನ್ಸ್ ಒಂದು ಹಿಂದೆ ಬಂದು ನಿಂತದ್ದು, ಕಿಟಕಿ ಏರಿಸಿ ಹಾಡು ಹಾಕಿಕೊಂಡಿದ್ದ ಈತನಿಗೆ ತಿಳಿದದ್ದು ಬೈಕಿನವನೊಬ್ಬ ಗಾಜಿಗೆ ಗುದ್ದಿದ ಮೇಲೆ. ಜಾಗ ಬಿಟ್ಟುಕೊಟ್ಟಾಗ ಆಂಬುಲೆನ್ಸಿನ ಚಾಲಕ ಬೈಯಲೂ ಇಲ್ಲ. ತಿರುಗಿಯೂ ನೋಡದೆ ಹೋದ.

ಈಗ ಊರೊಳಗೆ ಕಿಟಕಿ ಎರಡು ಬೆರಳಿನಷ್ಟು ಇಳಿದಿರುತ್ತದೆ. ಗೋಡೆ ಎಷ್ಟೇ ದಪ್ಪವಿರಲಿ, ನೂರರಲ್ಲೊಂದು ಪಾಲು ತೆರೆದಿದ್ದರೆ ಅದು 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. "ಹಾಗಾದ್ರೆ ಅಷ್ಟೆಲ್ಲ ಅಂಟಿಸಿದ್ದು ಯಾಕೆ?" ಎಂಬ ಮನೆಯ ಪ್ರಶ್ನೆಗೆ ಆತ ರೋಲ್ಸ್ ರಾಯ್ಸ್‌ನವರನ್ನೇ ಸಾಕ್ಷಿಗೆ ಕರೆಯುತ್ತಾನೆ. 2020ರ ಘೋಸ್ಟ್ ಕಾರಿಗೆ ಅವರು 100 ಕಿಲೋಗೂ ಹೆಚ್ಚು ಸದ್ದು ತಡೆಯುವ ಸಾಮಗ್ರಿ ತುಂಬಿದರು. ಆ ನಿಶ್ಶಬ್ದದಲ್ಲಿ ಕೂತವರಿಗೆ ದಿಕ್ಕು ತಪ್ಪಿದಂತಾಗಿ, ಕೊನೆಗೆ ಮೆಲುದನಿಯ ಗುಂಜಾರವವೊಂದನ್ನು ಬೇಕೆಂದೇ ಉಳಿಸಿಕೊಂಡರು. "ಅವರು ಕೋಟಿಗಟ್ಟಲೆ ಸುರಿದು ಮಾಡಿದ್ದನ್ನು ನಾನು ಗಾಜು ಇಳಿಸಿ ಮಾಡಿದೆ."

ಜೆ.ಸಿ. ರಸ್ತೆಯ ಹುಡುಗ ಮೊನ್ನೆ ಫೋನ್ ಮಾಡಿದ್ದ: "ಸಾರ್, ರೂಫ್ ಒಂದು ಉಳ್ಕೊಂಡಿದೆ." ಪ್ರಬಂಧಕಾರ ಒಪ್ಪಿಲ್ಲ. ಸುಮ್ಮನೆ ರೇಟು ಕೇಳಿಟ್ಟುಕೊಂಡಿದ್ದಾನೆ, ಅಷ್ಟೆ. ಮಳೆಗಾಲ ಇನ್ನೇನು ಬಂತು.